ತೋಟದ ಹೂವನ್ನು ಮನೆಯೊಳಗೆ ತಂದು ಉಳಿಸಿಕೊಳ್ಳುವ ಕ್ರಮ

ಶುಭಕಾರ್ಯ ನಡೆಯುವ ಮನೆಯಲ್ಲಿ ಹೂವಿಲ್ಲದೆ ಯಾವ ಅಲಂಕಾರವೂ ಪೂರ್ಣವಾಗದೆಂಬುದು ಕನ್ನಡ ನಾಡಿನಲ್ಲಿ ಸರ್ವರಿಗೂ ತಿಳಿದ ವಿಷಯವು. ಹಿಂದಿನ ಕಾಲದಲ್ಲಿ ದೇವರ ಪೂಜೆಗೆ ಬಿಡಿಹೂವು, ಸ್ತ್ರೀಯರ ಮುಡಿಗೆ ದಂಡೆ, ಚಪ್ಪರಕ್ಕೆ ಮಾಲೆ, ಇವೇ ಹೂವಿನ ಮುಖ್ಯ ಉಪಯೋಗಗಳಾಗಿದ್ದವು. ಈಚೆಗೆ ಉದ್ದವಾದ ದಂಟಿನ ಸಮೇತ ಹೂವನ್ನು ಕೊಯ್ದು, ನೀರು ತುಂಬಿದ ಪಾತ್ರೆಯಲ್ಲಿ ನಿಲ್ಲಿಸಿ, ಪಡಸಾಲೆಯಲ್ಲಿಯೂ ನಡುಮನೆಯಲ್ಲಿಯೂ ಇಡುವ ಪದ್ಧತಿಯು ಹಳ್ಳಿಗಳಲ್ಲಿಯೂ ಹಬ್ಬಿದೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಮಯಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳನ್ನು ನೋಡಿಬಂದವರು ತಮ್ಮ ಮನೆಯಲ್ಲಿಯೂ, ಪಂಚಾಯಿತಿಯ ಕಚೇರಿಯಲ್ಲಿಯೂ, ಊರ ಪಾಠಶಾಲೆಯಲ್ಲಿಯೂ ಅಂತಹ ಹೂದಾನಿಯನ್ನು ಇಡಲು ಬಯಸುವುದು ಸಹಜವಾಗಿದೆ.

ಆದರೆ ಅನೇಕ ಕಡೆಗಳಲ್ಲಿ ಈ ಬಯಕೆಯು ಒಂದೇ ದಿನದಲ್ಲಿ ನಿರಾಶೆಯಾಗಿ ಪರಿಣಮಿಸುತ್ತದೆ. ಸುಗಂಧರಾಜದ ಗೆಡ್ಡೆಯನ್ನು ನೆಟ್ಟು, ಮೂರು ನಾಲ್ಕು ತಿಂಗಳು ಗೊಬ್ಬರ ನೀರುಗಳನ್ನು ಕೊಟ್ಟು ಬೆಳೆಸಿದ ಕಡ್ಡಿಗಳನ್ನು ಹಬ್ಬದ ದಿನ ಹೊತ್ತೇರಿದ ಮೇಲೆ ಕುಡುಗೋಲಿನಿಂದ ಕೊಯ್ದು, ಜಗಲಿಯ ಮೇಲೆ ಹಾಕಿ, ಮನೆಯವರಿಗೆ ಬಿಡುವಾದಾಗ ಯಾವುದೋ ತಂಬಿಗೆಯಲ್ಲಿ ನಿಲ್ಲಿಸುವುದುಂಟು. ಸಂಜೆ ಬಂಧುಗಳು ಬರುವ ವೇಳೆಗೆ ಹೂವು ಬಾಡಿ ತಲೆಬಾಗಿರುತ್ತದೆ. ಆಗ ತಳಿ ಒಳ್ಳೆಯದಲ್ಲವೆಂದು ಒಬ್ಬರೂ, ಗೊಬ್ಬರ ಸಾಲದೆಂದು ಮತ್ತೊಬ್ಬರೂ, ದೃಷ್ಟಿ ತಾಗಿತೆಂದು ಮನೆಯ ಹಿರಿಯರೂ ಹೇಳುವರು. ವಾಸ್ತವದಲ್ಲಿ ದೋಷವು ಬಹಳ ಮಟ್ಟಿಗೆ ಗಿಡದ್ದಲ್ಲ. ಕೊಯ್ಯುವಾಗ ಮತ್ತು ಕೊಯ್ದ ಅನಂತರದ ಮೊದಲ ಗಂಟೆಯಲ್ಲಿ ನಡೆದ ಅಲಕ್ಷ್ಯದ್ದು. ತಿಂಗಳುಗಟ್ಟಲೆ ಪಟ್ಟ ಶ್ರಮವು ಈ ಒಂದು ಗಂಟೆಯಲ್ಲಿ ಕೆಡಬಹುದು, ಉಳಿಯಲೂ ಬಹುದು. ಅದನ್ನು ಉಳಿಸಿಕೊಳ್ಳುವ ಕ್ರಮವನ್ನೂ ಅದರ ಕಾರಣಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

೧. ಕೊಯ್ದ ಹೂವು ಸತ್ತ ವಸ್ತುವಲ್ಲ

ಮೊದಲು ತಿಳಿಯತಕ್ಕ ತತ್ತ್ವವಿದು: ಗಿಡದಿಂದ ಬೇರ್ಪಡಿಸಿದ ಮಾತ್ರಕ್ಕೆ ಹೂವು ಸಾಯುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಎಲೆಗಳ ಮತ್ತು ಎಸಳುಗಳ ಮೂಲಕ ನೀರನ್ನು ಆವಿಯ ರೂಪದಲ್ಲಿ ಹೊರಕ್ಕೆ ಬಿಡುತ್ತಲೇ ಇರುತ್ತದೆ. ಗಿಡದಲ್ಲಿದ್ದಾಗ ಈ ನೀರಿನ ನಷ್ಟವನ್ನು ಬೇರು ತುಂಬಿಕೊಡುತ್ತಿತ್ತು. ಎಲೆಗಳು ಸಿದ್ಧಪಡಿಸಿದ ಸಕ್ಕರೆಯು ಆಹಾರವಾಗಿ ಒದಗುತ್ತಿತ್ತು. ಕೊಯ್ದ ಕ್ಷಣದಲ್ಲಿ ಬೇರಿನ ಸಹಾಯವು ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಹೂವು ದಂಟಿನಲ್ಲಿ ಕೂಡಿಟ್ಟಿದ್ದ ಅಲ್ಪ ಆಹಾರದಿಂದಲೂ, ದಂಟಿನ ತುದಿಯಿಂದ ಹೀರಿಕೊಳ್ಳುವ ನೀರಿನಿಂದಲೂ ಬದುಕಬೇಕು.

ದಂಟಿನೊಳಗೆ ಕೂದಲಿಗಿಂತ ಸಣ್ಣವಾದ ಅನೇಕ ನಾಳಗಳಿವೆ. ನೀರು ಇವುಗಳಲ್ಲಿ ಎಡೆಬಿಡದ ಸಣ್ಣ ದಾರದಂತೆ ಮೇಲಕ್ಕೆ ಏರುತ್ತದೆ. ದಂಟನ್ನು ಕತ್ತರಿಸಿದೊಡನೆ ಈ ದಾರವು ಒಳಕ್ಕೆ ಸರಿದು, ತುದಿಯಲ್ಲಿ ಗಾಳಿಯು ಸೇರುತ್ತದೆ. ಬಾವಿಯ ಪಂಪಿನ ಹೀರುಕೊಳವೆಯಲ್ಲಿ ಗಾಳಿ ಹೊಕ್ಕರೆ ನೀರು ಬಾರದೆ ಯಂತ್ರವು ಸುಮ್ಮನೆ ತಿರುಗುವುದನ್ನು ರೈತರೆಲ್ಲರೂ ಬಲ್ಲರು. ಹೂವಿನ ದಂಟಿನಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಅದೇ. ಕೊಯ್ದು ಹೊರಗೆ ಬಿಟ್ಟಷ್ಟು ಹೊತ್ತೂ ಗಾಳಿಯು ಒಳಹೊಕ್ಕು, ಅನಂತರ ಎಷ್ಟು ನೀರಿನಲ್ಲಿ ನಿಲ್ಲಿಸಿದರೂ ಹೂವಿಗೆ ಅದು ಸರಿಯಾಗಿ ಮುಟ್ಟುವುದಿಲ್ಲ.

ನಾಳಗಳು ಕಟ್ಟಿಕೊಳ್ಳಲು ಎರಡನೆಯ ಕಾರಣವೂ ಉಂಟು. ಪಾತ್ರೆಯ ನೀರಿನಲ್ಲಿ ಎಲೆ, ಮಣ್ಣು, ದಂಟಿನ ರಸ ಇವುಗಳು ಕೊಳೆತು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಎರಡು ದಿನ ಬಿಟ್ಟ ನೀರಿನಲ್ಲಿ ದಂಟನ್ನು ಮುಟ್ಟಿದರೆ ಕೈಗೆ ಲೋಳೆಯಂತೆ ಅಂಟುವುದು ಇವುಗಳ ಕೆಲಸವೇ. ಈ ಲೋಳೆಯು ನಾಳದ ಬಾಯಿಯನ್ನು ಮುಚ್ಚಿಬಿಡುತ್ತದೆ. ಹೀಗಾದ ಹೂವು ಪಾತ್ರೆಯ ತುಂಬ ನೀರಿದ್ದರೂ ಬಾಯಾರಿಯೇ ಬಾಡುತ್ತದೆ. ಈ ಎರಡು ತಡೆಗಳನ್ನು ನಿವಾರಿಸುವುದೇ ಮುಂದೆ ಹೇಳುವ ಕ್ರಮಗಳ ಮುಖ್ಯ ಉದ್ದೇಶವು.

೨. ಕೊಯ್ಯುವ ವೇಳೆ

ರಾತ್ರಿಯೆಲ್ಲ ಗಿಡವು ನೆಲದಿಂದ ನೀರನ್ನು ಹೀರಿ ತನ್ನ ದಂಟು ಎಲೆಗಳನ್ನು ತುಂಬಿಕೊಂಡಿರುತ್ತದೆ. ಆದುದರಿಂದ ಮುಂಜಾನೆ, ಬಿಸಿಲು ಏರುವುದಕ್ಕೆ ಮೊದಲೇ ಕೊಯ್ಯುವುದು ಉತ್ತಮವು. ಹಿಂದಿನ ಸಂಜೆ ಪಾತಿಗೆ ಚೆನ್ನಾಗಿ ನೀರು ಹಾಯಿಸಿದ್ದರೆ ಇನ್ನೂ ಒಳ್ಳೆಯದು. ಎಸಳುಗಳ ಮೇಲೆ ಇಬ್ಬನಿ ನಿಂತಿದ್ದರೆ ಹೂವನ್ನು ಮೆಲ್ಲನೆ ಒದರಿಕೊಳ್ಳತಕ್ಕದ್ದು. ಒದ್ದೆಯಾದ ಹೂವುಗಳನ್ನು ಒತ್ತೊತ್ತಾಗಿ ಕಟ್ಟಿದರೆ ಬೂಷ್ಟು ತಗಲಿ ಎಸಳು ಕೊಳೆಯುವ ಸಂಭವವುಂಟು.

ಬೆಳಗ್ಗೆ ಅನುಕೂಲವಿಲ್ಲದವರು ಹೊತ್ತು ಇಳಿದು ತಂಪಾದ ಮೇಲೆ ಕೊಯ್ಯಬಹುದು. ದಿನವೆಲ್ಲ ಬಿಸಿಲಿನಲ್ಲಿ ಎಲೆಗಳು ಸಿದ್ಧಪಡಿಸಿದ ಸಕ್ಕರೆಯು ಸಂಜೆಗೆ ದಂಟಿನಲ್ಲಿ ಹೆಚ್ಚಾಗಿರುವುದರಿಂದ, ಒಡನೆಯೇ ನೀರಿನಲ್ಲಿಟ್ಟರೆ ಅಂತಹ ಹೂವೂ ಚೆನ್ನಾಗಿ ಬಾಳುತ್ತದೆ. ನಡುಹಗಲಿನಲ್ಲಿ ಮಾತ್ರ ಕೊಯ್ಯಲೇಬಾರದು. ಆಗ ಗಿಡವು ಹೀರುವುದಕ್ಕಿಂತ ಹೆಚ್ಚಾಗಿ ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ಕೊಯ್ದ ದಂಟು ಆಗಲೇ ಅರ್ಧ ಬಾಡಿದಂತೆ.

೩. ಯಾವ ಹೂವನ್ನು ಯಾವ ಹದದಲ್ಲಿ ಕೊಯ್ಯತಕ್ಕದ್ದು

ಎಲ್ಲ ಹೂವುಗಳಿಗೂ ಒಂದೇ ಹದವಲ್ಲ. ಕೆಲವು ಮೊಗ್ಗಿನಲ್ಲಿ ಕೊಯ್ದರೂ ನೀರಿನಲ್ಲಿ ಅರಳುತ್ತವೆ. ಮತ್ತೆ ಕೆಲವು ಗಿಡದಲ್ಲಿ ಅರಳದೆ ಬಂದರೆ ಹಾಗೆಯೇ ಮುದುಡಿಕೊಂಡು ಉಳಿಯುತ್ತವೆ. ತೋಟಗಳಲ್ಲಿ ಸಾಮಾನ್ಯವಾಗಿ ಬೆಳೆಯುವ ಹೂವುಗಳ ವಿವರವನ್ನು ಕೆಳಗೆ ಕೊಟ್ಟಿದೆ.

ಸುಗಂಧರಾಜ: ಮೆಕ್ಸಿಕೋ ದೇಶದಿಂದ ಬಂದ ಈ ಹೂವು ಈಗ ಕನ್ನಡಿಗರ ಮನೆಯದೇ ಆಗಿಬಿಟ್ಟಿದೆ. ಕಡ್ಡಿಯ ಬುಡದ ಕಡೆಯ ಒಂದೆರಡು ಹೂವುಗಳು ಅರಳಿದಾಗ ಕೊಯ್ಯತಕ್ಕದ್ದು. ಉಳಿದ ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ನೀರಿನಲ್ಲಿ ಅರಳುತ್ತವೆ. ತೀರ ತುದಿಯ ಕೆಲವು ಮೊಗ್ಗುಗಳು ಅರಳದೆ ಉದುರುವುದು ಸಹಜವು. ಬಾಡಿದ ಕೆಳಗಿನ ಹೂವುಗಳನ್ನು ದಿನವೂ ಕಿತ್ತುಹಾಕುತ್ತಿರಬೇಕು. ಹೆಸರಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹೊರತಂದಿರುವ ತಳಿಗಳಲ್ಲಿ ಶೃಂಗಾರ್ ಮತ್ತು ಪ್ರಜ್ವಲ್ ಒಂಟಿ ಸುತ್ತಿನವು. ಸುವಾಸಿನಿ ಮತ್ತು ವೈಭವ್ ಹಲವು ಸುತ್ತಿನವು. ಹೂದಾನಿಗೆ ಹಲವು ಸುತ್ತಿನವನ್ನು ವಿಶೇಷವಾಗಿ ಬಳಸುವರು. ಮಾಲೆಗೆ ಒಂಟಿ ಸುತ್ತಿನವು ಯುಕ್ತವಾದವು.

ಗುಲಾಬಿ: ಮೊಗ್ಗಿನ ಹೊರಗಿನ ಹಸುರು ಪುಷ್ಪಪತ್ರಗಳು ಕೆಳಕ್ಕೆ ಬಾಗಿ, ಹೊರಸುತ್ತಿನ ಒಂದೆರಡು ಎಸಳುಗಳು ಬಿಡಿಸಿಕೊಳ್ಳತೊಡಗಿದಾಗ ಕೊಯ್ಯಬೇಕು. ಅದಕ್ಕೂ ಮೊದಲೇ ಬಿಗಿಯಾದ ಮೊಗ್ಗನ್ನು ಕೊಯ್ದರೆ ಅರಳದೆಯೇ ಕತ್ತು ಬಾಗುತ್ತದೆ. ಕೊಯ್ಯುವಾಗ ಐದು ಎಲೆಗಳುಳ್ಳ ಗರಿಗಳೆರಡನ್ನಾದರೂ ಆ ಕೊಂಬೆಯಲ್ಲಿ ಬಿಟ್ಟು, ಅದರ ಮೇಲ್ಗಡೆ ಕತ್ತರಿಸತಕ್ಕದ್ದು. ಅಲ್ಲಿನ ಕಣ್ಣಿನಿಂದಲೇ ಮುಂದಿನ ಹೂವಿನ ಚಿಗುರು ಹೊರಡಬೇಕಾಗಿದೆ. ಉದ್ದವಾದ ದಂಟಿನ ಆಸೆಯಿಂದ ಬುಡದವರೆಗೆ ಕತ್ತರಿಸುವವನು ಇಂದಿನ ಒಂದು ಹೂವಿಗಾಗಿ ನಾಳಿನ ಹೂವುಗಳನ್ನು ಕಳೆದುಕೊಳ್ಳುತ್ತಾನೆ.

ಗ್ಲಾಡಿಯೋಲಸ್: ಕದಿರಿನ ಕೆಳಗಿನ ಒಂದೆರಡು ಮೊಗ್ಗುಗಳಲ್ಲಿ ಬಣ್ಣವು ಕಾಣಿಸಿಕೊಂಡರೆ ಸಾಕು, ಉಳಿದುವು ಮನೆಯಲ್ಲಿ ಅರಳುತ್ತವೆ. ನೆಲದೊಳಗಿನ ಗೆಡ್ಡೆಯು ಮುಂದಿನ ವರ್ಷಕ್ಕೆ ಬಲಿಯಬೇಕಾದುದರಿಂದ ಗಿಡದಲ್ಲಿ ನಾಲ್ಕು ಎಲೆಗಳನ್ನಾದರೂ ಬಿಡತಕ್ಕದ್ದು. ಈ ಕದಿರುಗಳನ್ನು ಅಡ್ಡಲಾಗಿ ಮಲಗಿಸಿಟ್ಟರೆ ತುದಿಯು ಆಕಾಶದ ಕಡೆಗೆ ಬಾಗಿ ಡೊಂಕಾಗುತ್ತದೆ. ಯಾವಾಗಲೂ ನೆಟ್ಟಗೆ ನಿಲ್ಲಿಸಿಯೇ ಇಡಬೇಕು.

ಸೇವಂತಿಗೆ, ಆಸ್ಟರ್, ಡೇಲಿಯಾ: ಇವುಗಳನ್ನು ಪೂರ್ಣವಾಗಿ ಅರಳಿದ ಮೇಲೆಯೇ ಕೊಯ್ಯಬೇಕು. ಡೇಲಿಯಾದ ಮೊಗ್ಗು ನೀರಿನಲ್ಲಿ ಅರಳುವುದಿಲ್ಲ. ಸೇವಂತಿಗೆಯ ದಂಟು ಬುಡದಲ್ಲಿ ಕಟ್ಟಿಗೆಯಂತೆ ಗಟ್ಟಿಯಾಗಿ ನೀರನ್ನು ಹೀರದು. ಆದುದರಿಂದ ನೆಲದಿಂದ ನಾಲ್ಕು ಅಂಗುಲ ಮೇಲೆ, ಎಳೆಯ ಭಾಗದಲ್ಲಿ ಕತ್ತರಿಸತಕ್ಕದ್ದು. ಮನೆಯೊಳಗೆ ಬಹುದಿನ ಬಾಳುವ ಹೂವುಗಳಲ್ಲಿ ಸೇವಂತಿಗೆಯು ಮುಖ್ಯವಾದುದು. ಆಸ್ಟರಿನ ಎಲೆಗಳು ನೀರಿಗೆ ತಗುಲಿದರೆ ಬೇಗನೆ ಕೊಳೆತು ದುರ್ವಾಸನೆ ಬೀರುವುದರಿಂದ ಕೆಳಗಿನ ಎಲೆಗಳನ್ನು ಪೂರ್ತಿಯಾಗಿ ತೆಗೆಯಬೇಕು.

ಜರ್ಬೆರ ಮತ್ತು ಆಂಥೂರಿಯಂ: ಜರ್ಬೆರದ ನಡುವಿನ ಗುಂಡಿಯ ಹೊರಗಡೆಯ ಎರಡು ಸಾಲುಗಳಲ್ಲಿ ಪರಾಗವು ಕಾಣಿಸಿಕೊಂಡಾಗ ದಂಟನ್ನು ಬುಡದಿಂದ ಓರೆಯಾಗಿ ಎಳೆದು ತೆಗೆದು, ಗಟ್ಟಿಯಾದ ಬುಡದ ಒಂದು ಅಂಗುಲವನ್ನು ಕತ್ತರಿಸಿ ಹಾಕಬೇಕು. ಇದರ ದಂಟು ಮೆತ್ತಗಿದ್ದು ಹೆಚ್ಚು ನೀರಿನಲ್ಲಿ ಬೇಗ ಕೊಳೆಯುವುದರಿಂದ ಎರಡು ಮೂರು ಅಂಗುಲ ಆಳದ ನೀರು ಸಾಕು. ಆದರೆ ಅದನ್ನು ತಪ್ಪದೆ ಬದಲಾಯಿಸುತ್ತಿರಬೇಕು. ಮಲೆನಾಡು ಮತ್ತು ಕೊಡಗಿನ ಮರಗಳ ನೆರಳಿನಲ್ಲಿ ಚೆನ್ನಾಗಿ ಬೆಳೆಯುವ ಆಂಥೂರಿಯಮ್ಮಿನ ನಡುಗದಿರು ಮುಕ್ಕಾಲು ಪಾಲು ಬಣ್ಣ ತಿರುಗಿದಾಗ ಕೊಯ್ದರೆ ಎರಡು ವಾರಗಳಿಗೂ ಹೆಚ್ಚು ಕಾಲ ನಿಲ್ಲುತ್ತದೆ.

ದಂಟಿಲ್ಲದ ಹೂವುಗಳು: ಮಲ್ಲಿಗೆ, ಸಂಪಿಗೆ, ಕನಕಾಂಬರ ಮೊದಲಾದವು ಹೂದಾನಿಗೆ ತಕ್ಕವಲ್ಲ. ಮಲ್ಲಿಗೆಯ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಯ ಎಲೆಯಲ್ಲಿ ಕಟ್ಟಿಡುವ ಹಳೆಯ ಕ್ರಮವೇ ಸರಿಯಾದುದು. ಎಲೆಯು ತೇವವನ್ನು ಹೊರಕ್ಕೆ ಬಿಡದೆ ತಂಪನ್ನು ಕಾಪಾಡುತ್ತದೆ. ಸಂಪಿಗೆಯನ್ನು ಅಗಲವಾದ ತಟ್ಟೆಯ ನೀರಿನಲ್ಲಿ ತೇಲಬಿಟ್ಟರೆ ಮನೆಯೆಲ್ಲ ಪರಿಮಳವಾಗುತ್ತದೆ. ದಾಸವಾಳದ ಆಯುಸ್ಸು ಸಾಮಾನ್ಯವಾಗಿ ಒಂದೇ ದಿನ. ಅದನ್ನು ನೀರಿನಲ್ಲಿಟ್ಟರೂ ಇಡದಿದ್ದರೂ ಹೆಚ್ಚು ಭೇದವಿಲ್ಲ.

೪. ಕೊಯ್ಯುವ ಮತ್ತು ಮನೆಗೆ ತರುವ ರೀತಿ

ತೋಟಕ್ಕೆ ಹೋಗುವಾಗಲೇ ಶುದ್ಧವಾದ ಬಕೇಟಿನಲ್ಲಿ ಒಂದು ಗೇಣು ಆಳದ ನೀರನ್ನು ಕೊಂಡೊಯ್ಯಬೇಕು. ಈ ಲೇಖನದಲ್ಲಿ ಹೇಳಿರುವ ಎಲ್ಲ ಕ್ರಮಗಳಲ್ಲಿಯೂ ಖರ್ಚಿಲ್ಲದ, ಆದರೆ ಅತ್ಯಂತ ಫಲದಾಯಕವಾದ ಕ್ರಮವಿದೇ. ಕೊಯ್ದ ದಂಟು ಕೈಯಿಂದ ನೇರವಾಗಿ ಬಕೇಟಿಗೆ ಇಳಿಯಬೇಕು. ನೆಲದ ಮೇಲೆ ಒಂದು ಗಳಿಗೆಯೂ ಬೀಳಬಾರದು. ಬಕೇಟನ್ನು ಮರದ ನೆರಳಿನಲ್ಲಿಡಬೇಕು.

ಕತ್ತರಿಸುವ ಚೂರಿಯಾಗಲಿ ಗಿಡಗತ್ತರಿಯಾಗಲಿ ಹರಿತವಾಗಿಯೂ ಶುದ್ಧವಾಗಿಯೂ ಇರಬೇಕು. ಮೊಂಡಾದ ಕುಡುಗೋಲು ದಂಟನ್ನು ಕತ್ತರಿಸುವುದಕ್ಕಿಂತ ಜಜ್ಜುವುದೇ ಹೆಚ್ಚು. ಗಟ್ಟಿ ದಂಟಿನ ತುದಿಯನ್ನು ಕಲ್ಲಿನಿಂದ ಜಜ್ಜಿದರೆ ನೀರು ಚೆನ್ನಾಗಿ ಏರುವುದೆಂಬ ನಂಬಿಕೆ ಬಹಳ ಕಡೆ ಇದೆ, ಅದು ತಪ್ಪು. ಜಜ್ಜಿದ ಭಾಗದಲ್ಲಿ ನಾಳಗಳು ಒಡೆದು ಮುಚ್ಚಿಕೊಳ್ಳುತ್ತವೆ, ಸೂಕ್ಷ್ಮಜೀವಿಗಳಿಗೆ ಆಹಾರವೂ ದೊರೆಯುತ್ತದೆ. ದಂಟನ್ನು ಓರೆಯಾಗಿ ಒಂದೇ ಏಟಿಗೆ ಕತ್ತರಿಸತಕ್ಕದ್ದು. ಓರೆಯಾಗಿ ಕತ್ತರಿಸಿದ ತುದಿಯು ಪಾತ್ರೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುವುದಿಲ್ಲ.

ಮನೆಗೆ ಬಂದ ಮೇಲೆ ನೀರಿನಲ್ಲಿ ಮುಳುಗುವ ಭಾಗದ ಎಲೆಗಳನ್ನೆಲ್ಲ ಕಿತ್ತು, ದಂಟಿನ ತುದಿಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ನೀರಿನೊಳಗೇ ಮತ್ತೊಮ್ಮೆ ಅರ್ಧ ಅಂಗುಲದಿಂದ ಒಂದು ಅಂಗುಲದಷ್ಟು ಕತ್ತರಿಸಬೇಕು. ಹೀಗೆ ಮಾಡುವುದರಿಂದ ಮೊದಲು ಒಳಸೇರಿದ್ದ ಗಾಳಿಯು ತುದಿಯ ತುಂಡಿನೊಡನೆ ಹೊರಟುಹೋಗಿ, ನೀರೇ ನಾಳದೊಳಕ್ಕೆ ಹೊಗುತ್ತದೆ. ಅನಂತರ ಎರಡು ಗಂಟೆಗಳ ಕಾಲ ತಂಪಾದ ಮಬ್ಬು ಕೋಣೆಯಲ್ಲಿ ಆಳವಾದ ನೀರಿನಲ್ಲಿ ವಿಶ್ರಾಂತಿ ಕೊಟ್ಟು, ಆಮೇಲೆ ಹೂದಾನಿಯಲ್ಲಿ ಜೋಡಿಸತಕ್ಕದ್ದು. ಈ ಮೊದಲ ನೀರು ಕೈಗೆ ಹಿತವಾಗುವಷ್ಟು ಬೆಚ್ಚಗಿದ್ದರೆ ತಣ್ಣೀರಿಗಿಂತ ಬೇಗನೆ ಏರುತ್ತದೆ.

ಗುಲಾಬಿಯು ಕತ್ತು ಬಾಗಿಸಿದ ಮಾತ್ರಕ್ಕೆ ಬಿಸಾಡಬೇಕಾಗಿಲ್ಲ. ದಂಟಿನ ತುದಿಯನ್ನು ನೀರಿನೊಳಗೆ ಮತ್ತೆ ಕತ್ತರಿಸಿ, ಹೂವು ಸಮೇತವಾಗಿ ಇಡೀ ದಂಟನ್ನು ಅಗಲವಾದ ಬಾನಿಯ ನೀರಿನಲ್ಲಿ ಒಂದು ಗಂಟೆ ಮಲಗಿಸಿದರೆ ಬಹುಮಟ್ಟಿಗೆ ಮತ್ತೆ ತಲೆಯೆತ್ತುತ್ತದೆ.

೫. ಪಾತ್ರೆ ಮತ್ತು ನೀರು

ಹೂದಾನಿಯು ಬೆಲೆಯುಳ್ಳದ್ದಾಗಬೇಕೆಂಬ ನಿಯಮವಿಲ್ಲ, ಶುದ್ಧವಾಗಿರಬೇಕೆಂಬುದೊಂದೇ ನಿಯಮವು. ಹಾಲು ಕಾಯಿಸುವ ಪಾತ್ರೆಯನ್ನು ಹೇಗೆ ತೊಳೆಯುವರೋ ಹಾಗೆ ಹೂದಾನಿಯ ಒಳಭಾಗವನ್ನೂ ಉಜ್ಜಿ ತೊಳೆಯಬೇಕು. ಹಳೆಯ ಲೋಳೆ ಅಂಟಿರುವ ಪಾತ್ರೆಗೆ ಹೊಸ ನೀರನ್ನು ತುಂಬುವುದು ಹುಳಿತ ಗಡಿಗೆಗೆ ಹಾಲು ಹೊಯ್ದಂತೆ. ಬಾಯಿ ಕಿರಿದಾಗಿ ಕೈ ಹೋಗದ ಪಾತ್ರೆಗಳಲ್ಲಿ ಒಂದು ಹಿಡಿ ಅಕ್ಕಿಯನ್ನೋ ಮರಳನ್ನೋ ನೀರಿನೊಡನೆ ಹಾಕಿ ಕುಲುಕಿದರೆ ಒಳಗಿನ ಜಿಡ್ಡು ಬಿಡುತ್ತದೆ.

ಮಳೆಯ ನೀರು ಹೂವಿಗೆ ಬಹಳ ಹಿತಕರವು. ಮೈದಾನ ಸೀಮೆಯ ಆಳವಾದ ಕೊಳವೆ ಬಾವಿಗಳ ನೀರಿನಲ್ಲಿ ಲವಣಗಳು ಹೆಚ್ಚಾಗಿರುವುದರಿಂದ ಅದರಲ್ಲಿ ಹೂವು ಅಷ್ಟು ಕಾಲ ಬಾಳದು. ಪಾವಗಡ ಮೊದಲಾದ ಕಡೆಗಳ ಅಂತರ್ಜಲದಲ್ಲಿರುವ ಫ್ಲೋರೈಡು ಮನುಷ್ಯರ ಹಲ್ಲು ಮೂಳೆಗಳಿಗೆ ಕೇಡು ಮಾಡುವಂತೆಯೇ ಗ್ಲಾಡಿಯೋಲಸ್ ಮತ್ತು ಜರ್ಬೆರ ಹೂವುಗಳ ಎಸಳಿನ ಅಂಚನ್ನೂ ಸುಡುತ್ತದೆ. ಅಂತಹ ಊರುಗಳಲ್ಲಿ ಮಾಳಿಗೆಯಿಂದ ಹಿಡಿದ ಮಳೆಯ ನೀರನ್ನೇ ಹೂವಿಗೆ ಬಳಸುವುದು ಲೇಸು. ನೀರನ್ನು ದಿನವೂ, ಕಡಮೆಯೆಂದರೆ ಎರಡು ದಿನಕ್ಕೊಮ್ಮೆ, ಪೂರ್ಣವಾಗಿ ಚೆಲ್ಲಿ ಹೊಸದನ್ನು ತುಂಬಬೇಕು. ಆಗಾಗ ದಂಟಿನ ತುದಿಯನ್ನು ಸ್ವಲ್ಪ ಕತ್ತರಿಸುತ್ತಿರಬೇಕು. ಕಡಮೆಯಾದಷ್ಟು ನೀರನ್ನು ಮೇಲಿನಿಂದ ಹೊಯ್ಯುವುದು ಸೋಮಾರಿಗಳ ಕ್ರಮವು. ಅದರಿಂದ ಕೊಳೆಯು ಒಳಗೇ ಉಳಿಯುತ್ತದೆ.

೬. ಸಕ್ಕರೆ ಮತ್ತು ಹುಳಿ

ಕೊಯ್ದ ಹೂವಿಗೆ ಆಹಾರವಾಗಿ ನೀರಿಗೆ ಸಕ್ಕರೆ ಹಾಕುವ ವಾಡಿಕೆಯು ಸರಿಯಾದುದೇ. ಆದರೆ ಸಕ್ಕರೆಯೊಂದನ್ನೇ ಹಾಕಿದರೆ ಲಾಭಕ್ಕಿಂತ ಹಾನಿಯು ಹೆಚ್ಚು. ಸಕ್ಕರೆಯನ್ನು ಹೂವು ತಿನ್ನುವ ಮೊದಲೇ ಸೂಕ್ಷ್ಮಜೀವಿಗಳು ತಿಂದು ಬೆಳೆಯುತ್ತವೆ. ಆದುದರಿಂದ ಸಕ್ಕರೆಯೊಡನೆ ಹುಳಿಯೂ, ಸೂಕ್ಷ್ಮಜೀವಿಗಳನ್ನು ತಡೆಯುವ ವಸ್ತುವೂ ಇರಬೇಕು. ಹುಳಿನೀರು ನಾಳಗಳಲ್ಲಿ ಸುಲಭವಾಗಿ ಏರುತ್ತದೆಂಬುದೂ ಗಮನಾರ್ಹವು.

ಒಂದು ಲೀಟರು ನೀರಿಗೆ ಎರಡು ಚಹಾ ಚಮಚ ಸಕ್ಕರೆ, ಎರಡು ಚಹಾ ಚಮಚ ಸೋಸಿದ ನಿಂಬೆಯ ರಸ, ಬಟ್ಟೆ ಬಿಳುಪು ಮಾಡಲು ಅಂಗಡಿಗಳಲ್ಲಿ ದೊರೆಯುವ ಬ್ಲೀಚಿಂಗ್ ದ್ರವ ಅರ್ಧ ಚಹಾ ಚಮಚ, ಇದು ಸಾಮಾನ್ಯವಾದ ಮಿಶ್ರಣವು. ಇದನ್ನು ಮಾಡುವಾಗ ನಿಂಬೆಯ ರಸವನ್ನೂ ಬ್ಲೀಚಿಂಗ್ ದ್ರವವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು. ಬೆರೆಸಿದರೆ ಉಸಿರಿಗೆ ಅಪಾಯಕರವಾದ ಅನಿಲವು ಹೊರಡುತ್ತದೆ. ಮೊದಲು ರಸವನ್ನು ಪೂರ್ತಿ ನೀರಿನಲ್ಲಿ ಕರಗಿಸಿ, ಕಡೆಯಲ್ಲಿ ದ್ರವವನ್ನು ಸೇರಿಸಬೇಕು. ಮಕ್ಕಳಿರುವ ಮನೆಯಲ್ಲಿ ಇಷ್ಟು ಜಾಗರೂಕತೆ ಸಾಧ್ಯವಿಲ್ಲವೆಂದು ತೋರಿದರೆ ಸಕ್ಕರೆ ಮತ್ತು ದ್ರವ ಎರಡನ್ನೂ ಬಿಟ್ಟು, ದಿನವೂ ಶುದ್ಧ ನೀರನ್ನು ಬದಲಾಯಿಸಿದರೂ ಸಾಕು. ಹುಳಿ ಬೆರೆಸಿದ ನೀರನ್ನು ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಇಡಬಾರದು. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿ ಕಿಲುಬಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು, ಇಲ್ಲಿಯೂ ಹಾಗೆಯೇ. ಗಾಜು, ಪಿಂಗಾಣಿ, ಸುಟ್ಟ ಮಣ್ಣಿನ ಮೆರುಗಿನ ಪಾತ್ರೆಗಳು ಯೋಗ್ಯವಾದವು. ತಾಮ್ರದ ನಾಣ್ಯವನ್ನು ನೀರಿನಲ್ಲಿ ಹಾಕುವುದರಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ.

೭. ಇಡುವ ಸ್ಥಳ

ಉಷ್ಣವು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಹೂವಿನ ಉಸಿರಾಟವು ಎರಡರಿಂದ ಮೂರರಷ್ಟಾಗಿ, ಅದರ ಆಹಾರವು ಅಷ್ಟೇ ಬೇಗ ಮುಗಿಯುತ್ತದೆ. ಆದುದರಿಂದ ಬಿಸಿಲು ಬೀಳುವ ಕಿಟಕಿ, ಬೀಸುವ ಪಂಕದ ಕೆಳಭಾಗ, ಒಲೆಯ ಸಮೀಪ, ದೂರದರ್ಶನ ಯಂತ್ರದ ಮೇಲ್ಭಾಗ ಇವು ಹೂದಾನಿಗೆ ತಕ್ಕ ಸ್ಥಳಗಳಲ್ಲ. ತೊಟ್ಟಿಯ ಮನೆಯ ನೆರಳಿನ ಜಗಲಿಯು ಉತ್ತಮವಾದುದು. ರಾತ್ರಿ ಹೂದಾನಿಯನ್ನು ಇನ್ನೂ ತಂಪಾದ ಕಡೆಗೆ ಸಾಗಿಸಿದರೆ ಒಂದೆರಡು ದಿನ ಹೆಚ್ಚು ಬಾಳುತ್ತದೆ.

ಮತ್ತೊಂದು ಸಂಗತಿಯನ್ನು ರೈತರು ಬೇಗ ಗ್ರಹಿಸಬಲ್ಲರು. ಬಾಳೆಯ ಗೊನೆಯನ್ನು ಕೋಣೆಯಲ್ಲಿ ಕೂಡಿಟ್ಟು ಹೊಗೆ ಹಾಕಿದರೆ ಬೇಗನೆ ಹಣ್ಣಾಗುವುದಷ್ಟೆ. ಹೊಗೆಯಲ್ಲಿಯೂ, ಮಾಗುವ ಹಣ್ಣಿನಿಂದ ತಾನಾಗಿ ಹೊರಡುವ ಗಾಳಿಯಲ್ಲಿಯೂ ಎಥಿಲೀನ್ ಎಂಬ ಅನಿಲವಿರುವುದೇ ಇದಕ್ಕೆ ಕಾರಣವು. ಕಾಯನ್ನು ಹಣ್ಣು ಮಾಡುವ ಆ ಅನಿಲವೇ ಹೂವನ್ನು ಮುಪ್ಪಾಗಿಸುತ್ತದೆ. ಕಾರ್ನೇಷನ್ ಹೂವು ಇದರಿಂದ ಎಸಳು ಮುಚ್ಚಿ ಮಲಗಿಬಿಡುತ್ತದೆ. ಸೀತಾಳೆಯ ಜಾತಿಯ ಹೂವುಗಳೂ ಕೆಲವು ಗುಲಾಬಿಗಳೂ ಬಾಧೆಪಡುತ್ತವೆ. ಆದುದರಿಂದ ಹಣ್ಣಿನ ತಟ್ಟೆಯನ್ನೂ ಹೂದಾನಿಯನ್ನೂ ಒಂದೇ ಮೇಜಿನ ಮೇಲೆ ಜೊತೆಯಾಗಿ ಬಹಳ ಹೊತ್ತು ಇಡಬಾರದು. ಶೀತಪೆಟ್ಟಿಗೆಯಲ್ಲಿ ಹಣ್ಣುಗಳ ಜೊತೆಗೆ ಹೂವನ್ನಿಡುವುದೂ ಇದೇ ತಪ್ಪು. ಆಂಥೂರಿಯಮ್ಮಿನಂತಹ ಉಷ್ಣದೇಶದ ಹೂವುಗಳಂತೂ ಅದರ ಚಳಿಗೇ ಕಪ್ಪಾಗುತ್ತವೆ.

೮. ಗೃಹಸ್ಥರು ವಹಿಸತಕ್ಕ ಎಚ್ಚರಿಕೆಗಳು

ಮೇಲೆ ಹೇಳಿದುವು ಹೂವಿನ ಹಿತಕ್ಕಾಗಿ. ಇನ್ನು ಮುಂದೆ ಹೇಳುವುವು ಮನೆಯವರ ಹಿತಕ್ಕಾಗಿ. ಇವುಗಳನ್ನು ಅಲಕ್ಷಿಸಿದರೆ ನಷ್ಟವು ಹೂವಿನದಷ್ಟೇ ಆಗಿ ಉಳಿಯುವುದಿಲ್ಲ.

ಮೊದಲನೆಯದು ಸೊಳ್ಳೆ. ಡೆಂಗಿ ಮತ್ತು ಚಿಕುನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಯು ಚರಂಡಿಯ ಕೊಳಕಿಗಿಂತ ಮನೆಯೊಳಗಿನ ತಿಳಿನೀರನ್ನೇ ಹುಡುಕುತ್ತದೆ. ಹೂದಾನಿ, ಬಾಟಲಿಯಲ್ಲಿ ಬೆಳೆಸುವ ಬಳ್ಳಿ, ಕುಂಡದ ಕೆಳಗಿನ ತಟ್ಟೆ ಇವು ಅದಕ್ಕೆ ಪ್ರಿಯವಾದ ಸ್ಥಳಗಳು. ಬಿಸಿಲಿನ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಸಾಕು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವದಿಂದಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆದುದರಿಂದ ನೀರನ್ನು ಚೆಲ್ಲಿದರೆ ಸಾಲದು. ಪಾತ್ರೆಯ ಒಳಗೋಡೆಯನ್ನು ಉಜ್ಜಲೇಬೇಕು. ಮನೆಯಲ್ಲಿ ಎರಡು ದಿನಕ್ಕೊಮ್ಮೆ ಹೀಗೆ ಮಾಡುವವರಿಗೆ ಭಯವಿಲ್ಲ. ಸಮಾರಂಭ ಮುಗಿದ ಮೇಲೆ ಯಾರ ಜವಾಬ್ದಾರಿಯೂ ಅಲ್ಲದೆ ಕಚೇರಿಯ ಮೂಲೆಯಲ್ಲಿಯೂ ಪಾಠಶಾಲೆಯ ಬೀರುವಿನ ಮೇಲೂ ಉಳಿದುಹೋಗುವ ಹೂದಾನಿಗಳೇ ಹೆಚ್ಚು ಅಪಾಯಕರವಾದವು. ಇವುಗಳನ್ನು ಮರುದಿನವೇ ತೊಳೆದು ಬೋರಲು ಹಾಕಿಸುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.

ಎರಡನೆಯದು ವಿಷಪುಷ್ಪಗಳು. ಕಣಗಿಲೆಯ ಹೂವು, ಎಲೆ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷವು. ದೇವರ ಪೂಜೆಗೆ ಬಿಡಿಹೂವಾಗಿ ಬಳಸುವ ಇದನ್ನು ದಂಟಿನ ಸಮೇತ ನೀರಿನಲ್ಲಿ ನಿಲ್ಲಿಸಿದರೆ ವಿಷವು ನೀರಿಗೂ ಇಳಿಯಬಹುದಾದ್ದರಿಂದ ಮಕ್ಕಳ ಕೈಗೆ ಎಟಕುವ ಕಡೆ ಇಡಲಾಗದು. ಅಗ್ನಿಶಿಖೆ ಮತ್ತು ಉಮ್ಮತ್ತಿಯ ಹೂವುಗಳನ್ನು ಅವುಗಳ ಅಂದಕ್ಕೆ ಮರುಳಾಗಿ ಒಳಗೆ ತರಬಾರದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಹಾನಿಯುಂಟು. ಕೊಯ್ದ ಕೈಯನ್ನು ಒಡನೆಯೇ ತೊಳೆಯತಕ್ಕದ್ದು. ಕಾಂಗ್ರೆಸ್ ಗಿಡವೆಂದು ಹೆಸರಾದ ಪಾರ್ಥೇನಿಯಮ್ಮಿನ ಬಿಳಿಯ ಹೂವನ್ನು ಗುಚ್ಛದ ಸಂದು ತುಂಬಲು ಬಳಸುವವರೂ ಇದ್ದಾರೆ. ಅದರಿಂದ ಚರ್ಮದಲ್ಲಿ ತುರಿ, ಉಬ್ಬಸ ಮೊದಲಾದ ಬಾಧೆಗಳು ಉಂಟಾಗುವುವಾಗಿ ಅದನ್ನು ಸಂಪೂರ್ಣವಾಗಿ ತ್ಯಜಿಸಬೇಕು.

ಮೂರನೆಯದು ಔಷಧಿ ಸಿಂಪಡಿಸಿದ ಹೂವು. ಮಾರಾಟಕ್ಕೆಂದು ಬೆಳೆದ ತೋಟದಲ್ಲಿ ಕೀಟನಾಶಕವನ್ನು ಸಿಂಪಡಿಸಿದ್ದರೆ, ಡಬ್ಬಿಯ ಮೇಲೆ ಬರೆದಿರುವ ಕಾಲಾವಧಿಯು ಕಳೆಯುವವರೆಗೂ ಆ ಹೂವನ್ನು ಮನೆಯೊಳಗೆ ತರಬಾರದು. ದೇವರಿಗೆ ಮುಡಿಸಿ ಮಕ್ಕಳಿಗೆ ಪ್ರಸಾದವಾಗಿ ಕೊಡುವುದಂತೂ ಸಲ್ಲದು. ಮನೆಯ ಉಪಯೋಗಕ್ಕಾಗಿ ಒಂದು ಸಣ್ಣ ಮಡಿಯನ್ನು ಔಷಧಿಯಿಲ್ಲದೆ ಬೆಳೆಸಿಕೊಳ್ಳುವುದು ವಿವೇಕವಾದುದು.

೯. ಸುಲಭವಾದೊಂದು ಪರೀಕ್ಷೆ

ಮೇಲಿನ ವಿಷಯಗಳನ್ನು ಓದಿ ನಂಬುವುದಕ್ಕಿಂತ ಕಣ್ಣಾರೆ ಕಂಡು ನಂಬುವುದು ಮೇಲು. ಊರಿನ ಪಾಠಶಾಲೆಯಲ್ಲಿ ಇದನ್ನು ಮಾಡಿಸಬಹುದು. ಒಂದೇ ಅಳತೆಯ ಮೂರು ಗಾಜಿನ ಬಾಟಲಿಗಳಿಗೆ ಸಮನಾಗಿ ನೀರು ತುಂಬಿ, ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ಒಂದೇ ಸಾಲಿನಿಂದ, ಒಂದೇ ಹದದಲ್ಲಿ, ಒಂದೇ ಉದ್ದಕ್ಕೆ ಕೊಯ್ದ ಸುಗಂಧರಾಜದ ಕಡ್ಡಿಗಳನ್ನು ಆರಿಸಿಕೊಳ್ಳಬೇಕು. ಮೂರು ಕಡ್ಡಿಗಳನ್ನು ಕೊಯ್ದೊಡನೆ ನೀರಿಗಿಟ್ಟು, ನೀರಿನೊಳಗೆ ತುದಿ ಕತ್ತರಿಸಿ ಮೊದಲನೆಯ ಬಾಟಲಿಯಲ್ಲಿ ನಿಲ್ಲಿಸಬೇಕು. ಮತ್ತೆ ಮೂರನ್ನು ಒಂದು ಗಂಟೆ ಬಿಸಿಲಿನಲ್ಲಿ ಹಾಕಿ, ಹಾಗೆಯೇ ಎರಡನೆಯದರಲ್ಲಿ ನಿಲ್ಲಿಸಬೇಕು. ಮೂರನೆಯದರಲ್ಲಿ ಹೂವನ್ನಿಡದೆ ಬರಿಯ ನೀರನ್ನೇ ಬಿಡಬೇಕು; ಗಾಳಿಗೆ ತಾನಾಗಿ ಆರುವ ನೀರೆಷ್ಟೆಂಬುದು ಇದರಿಂದ ತಿಳಿಯುತ್ತದೆ. ಪ್ರತಿದಿನ ಬೆಳಗ್ಗೆ ನೀರಿನ ಮಟ್ಟವನ್ನು ಗುರುತಿಸಿ, ಅನಂತರ ಮೂರರಲ್ಲಿಯೂ ಹೊಸ ನೀರನ್ನು ಮೊದಲಿನ ಗುರುತಿನವರೆಗೆ ತುಂಬಿ, ಅರಳಿದ ಹೂವುಗಳನ್ನೂ ಬಾಡಿದವುಗಳನ್ನೂ ಎಣಿಸಿ ಬರೆದಿಡಬೇಕು. ಮೊದಲ ಬಾಟಲಿಯ ಹೂವು ಕುಡಿದ ನೀರಿಗೂ ಎರಡನೆಯದರ ಹೂವು ಕುಡಿದ ನೀರಿಗೂ ಇರುವ ವ್ಯತ್ಯಾಸದಲ್ಲಿಯೇ ಈ ಲೇಖನದ ಸಾರವೆಲ್ಲ ಅಡಗಿದೆ.

೧೦. ಉಪಸಂಹಾರ

ಹೂವನ್ನು ಮನೆಯೊಳಗೆ ತರುವುದು ಸ್ತ್ರೀಯರ ಮತ್ತು ಮಕ್ಕಳ ವಿನೋದವೆಂದು ಜಮೀನುದಾರರು ಉದಾಸೀನ ಮಾಡುವುದುಂಟು. ಆದರೆ ಪೇಟೆಗೆ ಕಡ್ಡಿಹೂವನ್ನು ಕಳುಹಿಸುವ ಬೇಸಾಯಗಾರನಿಗೂ ಇದೇ ವಿದ್ಯೆಯು ಬೇಕು. ಕೊಳ್ಳುವವನ ಮನೆಯಲ್ಲಿ ಒಂದೇ ದಿನಕ್ಕೆ ಬಾಡುವ ಹೂವನ್ನು ಮಾರಿದವನ ಬಳಿಗೆ ಆ ಗಿರಾಕಿಯು ಎರಡನೆಯ ಸಲ ಬಾರನು. ತನ್ನ ಮನೆಯ ಹೂದಾನಿಯಲ್ಲಿ ಒಂದು ವಾರ ಹೂವನ್ನು ಉಳಿಸಿಕೊಳ್ಳಲು ಕಲಿತ ಕುಟುಂಬವು ಪೇಟೆಗೆ ಹೋಗುವ ಹೂವನ್ನೂ ಬಿಸಿಲಿನಲ್ಲಿ ಬಿಸಾಡಲಾರದು. ಕೆಲಸದ ಆಳುಗಳಿಗೂ ನೀರಿನ ಬಕೇಟು, ಹರಿತವಾದ ಚೂರಿ, ನೆರಳು ಈ ಮೂರರ ಬೆಲೆಯು ಮನೆಯಲ್ಲಿಯೇ ಮನದಟ್ಟಾಗುತ್ತದೆ.

ಸಂಗ್ರಹವಾಗಿ ಹೇಳುವುದಾದರೆ: ತಂಪು ಹೊತ್ತಿನಲ್ಲಿ ಕೊಯ್ಯತಕ್ಕದ್ದು, ಆಯಾ ಹೂವಿನ ಹದವನ್ನು ಅರಿಯತಕ್ಕದ್ದು, ಹರಿತವಾದ ಚೂರಿಯಿಂದ ಓರೆಯಾಗಿ ಕತ್ತರಿಸಿ ಕೂಡಲೇ ನೀರಿಗಿಡತಕ್ಕದ್ದು, ನೀರಿನೊಳಗೆ ಮತ್ತೊಮ್ಮೆ ತುದಿ ಕತ್ತರಿಸತಕ್ಕದ್ದು, ಮುಳುಗುವ ಎಲೆಗಳನ್ನು ತೆಗೆಯತಕ್ಕದ್ದು, ಪಾತ್ರೆಯನ್ನು ಉಜ್ಜಿ ನೀರನ್ನು ಬದಲಾಯಿಸತಕ್ಕದ್ದು, ಬಿಸಿಲು, ಹೊಗೆ, ಮಾಗಿದ ಹಣ್ಣು ಇವುಗಳಿಂದ ದೂರವಿಡತಕ್ಕದ್ದು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಗಿಡವು ಬೇರಿನಿಂದ ಮಾಡುತ್ತಿದ್ದ ಉಪಚಾರವನ್ನು ಕೊಯ್ದ ಮೇಲೆ ಮನುಷ್ಯನು ತನ್ನ ಕೈಯಿಂದ ಮಾಡಬೇಕೆಂಬ ಅರಿವೊಂದಿದ್ದರೆ ಸಾಕು.